ಬೋರಲಿಂಗನ ಡಿಕ್ಕಿ ಕಾರು

ನಾಗಮಂಗಲದ ಬಸ್ ಸ್ಟ್ಯಾಂಡ್ ಹಿಂದೆ ಇಡ್ಲಿ ಮಾರುತ್ತಿದ್ದ ಸಾಕಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಹೇಳಿದ ಮಾತು ಮೀರುವವನಲ್ಲ. ಅದೇ ಅವಳ ಕಷ್ಟ. "ಒಲೆ ನೋಡ್ಕೊ" ಅಂದರೆ ಇಡ್ಲಿ ಸೀದು ಕರಕಾಗುವವರೆಗೆ ಒಲೆಯನ್ನೇ ನೋಡುತ್ತ ಕೂರುವ ಮಗ.

ಆದರೆ ಸ್ಟೇರಿಂಗ್ ಹಿಡಿದರೆ ಮಾತ್ರ ಕೈ ಚೆನ್ನಾಗಿತ್ತು. ಹಾಗಾಗಿ ಸಾಕಮ್ಮ ಹತ್ತು ವರ್ಷ ಕೂಡಿಟ್ಟ ದುಡ್ಡಲ್ಲಿ ಒಂದು ಹಳೇ ಕಾರು ಕೊಡಿಸಿದಳು. ಬಾಡಿಗೆ ಹೊಡೆದು ಬದುಕಿಕೊಳ್ಳಲಿ ಅಂತ. ಸಣ್ಣ ಕಾರು, ಹಿಂದೆ ಒಂದು ಡಿಕ್ಕಿ. ಮಾರಿದವನು "ಒಬ್ಬ ಡಾಕ್ಟರು ಓಡಿಸಿದ ಗಾಡಿ ಅಮ್ಮ" ಅಂದಿದ್ದ. ಡಾಕ್ಟರು ಯಾಕೆ ಮಾರಿದರು ಅಂತ ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಗ್ಯಾರೇಜಿನ ಖಲೀಲಣ್ಣ ಕಾರನ್ನು ಒಂದು ಸುತ್ತು ಹಾಕಿ ನೋಡಿದ. "ಹಳೇ ಗಾಡಿ ಬೋರಲಿಂಗ. ಬಿಸಿ ಆಗ್ತದೆ. ಬಿಸಿ ಆದ್ರೆ ನೀರು ಹುಯ್ಯಿ" ಅಂದ.

ಮೂರನೇ ದಿನ ಬೆಳ್ಳೂರಿನ ದಾರೀಲಿ ಕಾರು ಬಿಸಿಯಾಯಿತು. ಬೋರಲಿಂಗ ಬಾನೆಟ್ ಎತ್ತಿದ. ಪಕ್ಕದ ಕಟ್ಟೆಯಿಂದ ಬಿಂದಿಗೆ ತುಂಬಿ ತಂದು, ದೇವರಿಗೆ ಅಭಿಷೇಕ ಮಾಡುವ ಹಾಗೆ ಎಂಜಿನ್ ಮೇಲೆಲ್ಲ ಹುಯ್ದ. ಒಂದು ಬಿಂದಿಗೆ, ಎರಡು ಬಿಂದಿಗೆ, ಮೂರು ಬಿಂದಿಗೆ. ವೈರುಗಳೆಲ್ಲ ನೆನೆದು ಕಾರು ಉಸಿರೇ ಬಿಡಲಿಲ್ಲ. ರಿಪೇರಿಗೆ ನಾಲ್ಕು ಸಾವಿರ.

"ನೀರು ಹುಯ್ಯಿ ಅಂದ್ರೆ ಹಿಂಗಾ ಹುಯ್ಯೋದು? ಇನ್ಮೇಲೆ ಆ ಬಾನೆಟ್ ಒಳಕ್ಕೆ ಒಂದು ತೊಟ್ಟು ನೀರು ಬಿಟ್ಟೀಯ, ಜೋಕೆ" ಅಂದಳು ಸಾಕಮ್ಮ.

"ಆಯ್ತವ್ವ" ಅಂದ.

ಒಂದು ತೊಟ್ಟೂ ಬಿಡಲಿಲ್ಲ. ಮೂರು ವಾರ ಬಿಡಲಿಲ್ಲ. ರೇಡಿಯೇಟರ್ ಒಣಗಿ ಬೇಸಿಗೆ ಕೆರೆಯ ಹಾಗಾಯಿತು, ಎಂಜಿನ್ನಿನ ಗ್ಯಾಸ್ಕೆಟ್ ಸುಟ್ಟುಹೋಯಿತು. ಈ ಸಲ ಹದಿನೆಂಟು ಸಾವಿರ. ಸಾಕಮ್ಮ ಕಿವಿಯ ಓಲೆ ಬಿಚ್ಚಿ ಮಾರಿದಳು. ಮಗನಿಗೆ ಒಂದು ಮಾತೂ ಅನ್ನಲಿಲ್ಲ. ಏನಂದರೆ ಏನಾಗುತ್ತದೋ ಅಂತ ಭಯ.

ಖಲೀಲಣ್ಣನೇ ಬೈದ. "ನಿನ್ನಿಷ್ಟಕ್ಕೆ ಏನೂ ಮಾಡ್ಬೇಡ ಮಾರಾಯ. ಗಾಡಿ ಒಳಗೆ ಏನಾದ್ರೂ ಕಟಕಟ ಅಂತದಾ? ಎಲ್ಲಿಂದ ಅಂತ ನೋಡು, ಅದನ್ನ ಹುಷಾರಾಗಿ ಬಿಚ್ಚು, ನನ್ನ ಹತ್ರ ತಾ. ಅಷ್ಟೇ ನಿನ್ನ ಕೆಲಸ."

"ಆಯ್ತಣ್ಣ" ಅಂದ.

ಆಮೇಲೆ ರಿಟೈರ್ಡ್ ಹೆಡ್ ಮೇಷ್ಟ್ರು ಮರಿಸಿದ್ದೇಗೌಡರು ಮಂಡ್ಯಕ್ಕೆ ಬಾಡಿಗೆ ಗೊತ್ತುಮಾಡಿದರು. ಅಲ್ಲಿ ಒಂದು ಸಭೆ, ಇವರದೇ ಅಧ್ಯಕ್ಷ ಭಾಷಣ. ಹಿಂದಿನ ಸೀಟಿನಲ್ಲಿ ಕೂತು ಭಾಷಣ ಓದುತ್ತ ಓದುತ್ತ ಬಾಯಿ ತೆರೆದು ನಿದ್ದೆ ಹೋದರು. ಕಾರು ಹಳ್ಳಕ್ಕೆ ಇಳಿದಾಗೆಲ್ಲ ಕಟಕಟ, ಕಟಕಟ.

ಬೋರಲಿಂಗ ನಿಲ್ಲಿಸಿದ. ಚಕ್ರ ನೋಡಿದ, ಡಿಕ್ಕಿ ನೋಡಿದ, ಬಾಗಿಲು ಅಲ್ಲಾಡಿಸಿದ. ಕೊನೆಗೆ ಸಿಕ್ಕಿತು. ಹುಷಾರಾಗಿ, ನಿದ್ದೆ ಕೆಡದ ಹಾಗೆ, ಮೇಷ್ಟ್ರ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಬಿಚ್ಚಿಕೊಂಡು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಇಟ್ಟ. ಕಾರು ಸದ್ದಿಲ್ಲದೆ ಓಡಿತು.

ಮಂಡ್ಯ ತಲುಪುವಾಗಲೇ ಹೊತ್ತಾಗಿತ್ತು. ಕಾಯುತ್ತಿದ್ದವರು ನಿದ್ದೆಗಣ್ಣಿನ ಮೇಷ್ಟ್ರನ್ನು ಕೈಹಿಡಿದು ನೇರ ವೇದಿಕೆಗೇ ಹತ್ತಿಸಿದರು. ಅವರು ಮೈಕ್ ಹಿಡಿದು "ಸಭಿಕರೇ" ಅಂದರು. "ಫಭಿಕಯೇ" ಅಂತ ಬಂತು. ಸಭೆ ಚಪ್ಪಾಳೆ ತಟ್ಟಿತು. ಒಂದೂವರೆ ಗಂಟೆಯ ಭಾಷಣ ಅರ್ಧ ನಿಮಿಷಕ್ಕೆ ಮುಗಿಯಿತು.

ಹೊತ್ತು ಮುಳುಗುವ ಮುಂಚೆ ಹಲ್ಲು ಗ್ಯಾರೇಜಿನ ಟೇಬಲ್ ಮೇಲಿತ್ತು. "ಇದೇ ಅಣ್ಣ ಕಟಕಟ ಅಂತಿದ್ದಿದ್ದು. ಬಿಗಿ ಮಾಡ್ಕೊಡು" ಅಂದ. ಖಲೀಲಣ್ಣ ಸ್ಪಾನರ್ ಕೆಳಗಿಟ್ಟು ಎದ್ದು ಟೀ ಕುಡಿಯಲು ಹೋದವನು ಆ ದಿನ ವಾಪಸ್ ಬರಲಿಲ್ಲ.

ಮೇಷ್ಟ್ರ ಮನೆಯವರ ಕಾಲಿಗೆ ಬಿದ್ದು ಬಂದ ಸಾಕಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡಳು. ಒಂದೊಂದು ಮಾತನ್ನೂ ಅಳೆದು ತೂಗಿ ಹೇಳಿದಳು.

"ಮಗ, ಆ ಕಾರು ನಮಗೆ ಬೇಡ. ನಾಳೆ ಸಂತೇಲಿ ಅದನ್ನ ಕೊಟ್ಟು, ಬಿಸಿ ಆಗದೇ ಇರೋ, ಎಂಜಿನ್ ಕೆಡದೇ ಇರೋ ಗಾಡಿ ಬದಲಾಯಿಸ್ಕೊಂಡು ಬಾ. ಇನ್ನೊಂದು ಮಾತು. ತಗೊಂಡೋನು ಮೋಸ ಹೋದೆ ಅಂತ ನಮ್ಮನ್ನ ಶಪಿಸಬಾರದು."

"ಆಯ್ತವ್ವ."

ಮರುದಿನ ಮಧ್ಯಾಹ್ನ ಬೋರಲಿಂಗ ತಳ್ಳಿಕೊಂಡು ಬಂದದ್ದು ಒಂದು ತಳ್ಳುಗಾಡಿ. ನಾಲ್ಕು ಸೈಕಲ್ ಚಕ್ರ, ಮೇಲೊಂದು ಹಲಗೆ.

"ಬಿಸಿ ಆಗಲ್ಲ, ಎಂಜಿನ್ನೇ ಇಲ್ಲ. ಬಾಳೆಹಣ್ಣಿನ ಶಿವಣ್ಣನ ಗಾಡಿ ಕಣವ್ವ" ಅಂದ.

ಸಾಕಮ್ಮ ಹತ್ತಿರ ಬಂದು ಹಲಗೆ ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ಇದರ ಮೇಲೆ ಇಡ್ಲಿ ಪಾತ್ರೆ ಇಟ್ಟುಕೊಂಡು ಕೋರ್ಟ್ ಮುಂದೆ ನಿಂತರೆ ವ್ಯಾಪಾರ ಎರಡು ಪಾಲು. ರಿಪೇರಿ ಅಂದರೆ ಒಂದು ಟ್ಯೂಬು. ಮದುವೆಯಾದಾಗಿನಿಂದ ತನಗೆ ಇಷ್ಟು ಒಳ್ಳೆಯ ವ್ಯಾಪಾರ ಯಾರೂ ಮಾಡಿಕೊಟ್ಟಿರಲಿಲ್ಲ ಅನ್ನಿಸಿ ಅವಳ ಕಣ್ಣು ತುಂಬಿತು.

"ಶಿವಣ್ಣ ಹೆಂಗ್ಲಾ ಒಪ್ಪಿದ?"

"ಮೊದಲು ಒಪ್ಪಲಿಲ್ಲ ಕಣವ್ವ. ಆ ಕಾರಿನ ಸುದ್ದಿ ಊರಿಗೆಲ್ಲ ಗೊತ್ತು ಅಂದ. ಮೋಸ ಹೋದೆ ಅನ್ನಬಾರದು ಅಂತ ನೀನು ಹೇಳಿದ್ದೆಯಲ್ಲ, ಅದಕ್ಕೆ ಛಾಪಾ ಕಾಗದದ ಮೇಲೆ ಬರೆದುಕೊಟ್ಟೆ. ಆ ಕಾರು ಇರೋವರೆಗೂ ಅದರ ರಿಪೇರಿ ಖರ್ಚೆಲ್ಲ ನಮ್ಮದೇ ಅಂತ."

ಸಾಕಮ್ಮ ತಲೆ ಎತ್ತಿ ನೋಡಿದಳು. ಬೀದಿಯ ಆ ತುದಿಯಲ್ಲಿ ಶಿವಣ್ಣನೂ ಇನ್ನು ಮೂರು ಜನರೂ ಕಾರು ತಳ್ಳಿಕೊಂಡು ಬರುತ್ತಿದ್ದರು.