ನೆತ್ತಿಯ ತಗ್ಗು

ವಾಚನಾಲಯದ ಹಳೇ ಕಂಪ್ಯೂಟರಿಗೆ ಏಟು ತಿಂದು ತಿಂದು ಸಾಕಾಗಿತ್ತು. ಪರದೆ ಅಲ್ಲಾಡದೆ ನಿಂತಾಗಲೆಲ್ಲ ಗ್ರಂಥಪಾಲಕಿ ಚನ್ನಬಸಮ್ಮ ಅದರ ನೆತ್ತಿಗೊಂದು ಬಾರಿಸಿ, "ದರಿದ್ರದ್ದು! ಗುಜರಿಗೆ ಹಾಕಬೇಕು" ಎನ್ನುತ್ತಿದ್ದರು.

ಒಳಗೆ ಕಾಲು ಚಾಚಿ ಕೂತಿದ್ದ ದೊಡ್ಡ ಆಪರೇಟಿಂಗ್ ಸಿಸ್ಟಮ್ಮೂ ದನಿಗೂಡಿಸುತ್ತಿತ್ತು: "ನನ್ನಂಥವನಿಗೆ ಇಂಥ ಮುದುಕನ ಸಹವಾಸ!"

ಕೊನೆಯದೊಂದು ಪ್ರಯತ್ನವೆಂದು ಚನ್ನಬಸಮ್ಮ ಒಂದು ದಿನ ಪೆನ್‌ಡ್ರೈವ್ ಚುಚ್ಚಿದರು. ಅದರಲ್ಲಿದ್ದ ಲಿನಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬಾಗಿಲಲ್ಲೇ ನಿಂತು ಕಂಪ್ಯೂಟರನ್ನು ಕೇಳಿತು: "ಅಣ್ಣಾ, ನಿನ್ನ ಹತ್ತಿರ ಮೆಮೊರಿ ಎಷ್ಟಿದೆ?"

"ಇರುವುದೇ ಚೂರು. ನಗಬೇಡ."

"ಅದರಲ್ಲಿ ನನಗೊಂದು ಮೂಲೆ ಸಾಕು. ಮಿಕ್ಕಿದ್ದು ನಿನ್ನ ಕೆಲಸಕ್ಕಿರಲಿ."

ಕಂಪ್ಯೂಟರಿಗೆ ಮೈಯೆಲ್ಲ ಉರಿಯಿತು. ದೊಡ್ಡ ಸಿಸ್ಟಮ್ಮಿನ ಕಡೆ ತಿರುಗಿತು. "ಒಂದು ಮೂಲೆ ಸಾಕಂತೆ, ಕೇಳಿದೆಯಾ? ಅಪ್‌ಡೇಟ್ ಅಪ್‌ಡೇಟ್ ಎನ್ನುತ್ತ ನಿನ್ನ ನೆಂಟರಿಷ್ಟರನ್ನೆಲ್ಲ ತಂದು ನನ್ನ ಎದೆಯ ಮೇಲೆ ಕೂರಿಸಿದೆ. ಪುಸ್ತಕ ಹುಡುಕಲು ಬಂದವರಿಗೆ ದೂರದೂರಿನ ಹವಾಮಾನ ತೋರಿಸಿದೆ. ಮೆರೆದದ್ದು ನೀನು, ಏದುಸಿರು ಬಿಟ್ಟದ್ದು ನಾನು. ಏಟು ಬೀಳುವಾಗ ಒಮ್ಮೆಯಾದರೂ ಬಾಯಿಬಿಟ್ಟೆಯಾ?"

"ನಾನು ಹೋದರೆ ನೀನು ಬರೀ ತಗಡಿನ ಡಬ್ಬ!"

"ಡಬ್ಬವೇ ಸರಿ. ಜಾಗ ಖಾಲಿ ಮಾಡು."

ಅಷ್ಟರಲ್ಲಿ ಚನ್ನಬಸಮ್ಮ ದೊಡ್ಡ ಸಿಸ್ಟಮ್ಮನ್ನು ಅಳಿಸುವ ಗುಂಡಿ ಒತ್ತಿದರು. ಪುಟ್ಟ ಲಿನಕ್ಸ್ ಒಳಗೆ ಬಂದು ಮೂಲೆ ಹಿಡಿಯಿತು.

ಮರುದಿನ ಅವರು ಸ್ವಿಚ್ ಹಾಕಿ, ಅಭ್ಯಾಸಬಲದಿಂದ ಕೈ ಎತ್ತಿದರು. ಕೈ ಇಳಿಯುವ ಮುಂಚೆಯೇ ಪರದೆ ಬೆಳಗಿ ಪುಸ್ತಕಗಳ ಹೆಸರು ಮೂಡಿತ್ತು. ಎತ್ತಿದ ಕೈಯನ್ನು ಏನು ಮಾಡುವುದೆಂದು ತೋಚದೆ, ಸೆರಗಿನಿಂದ ಕಂಪ್ಯೂಟರಿನ ನೆತ್ತಿ ಒರೆಸಿದರು.

ಧೂಳೇನೋ ಹೋಯಿತು. ಏಟು ಬಿದ್ದಲ್ಲಿನ ತಗ್ಗು ಹಾಗೆಯೇ ಇತ್ತು.