ಒಂದು ಮನೆಗೆ ಒಂದು ಮಾತು

ಈ ಕತೆಯನ್ನು ನನಗೆ ಮೊದಲು ಹೇಳಿದವರು ಕಮಲಾಕ್ಷಿ ಚಿಕ್ಕಮ್ಮ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು. ಮಕ್ಕಳಿಗೆ ಅವರು ಎಂದೂ ಹೆದರಿದವರಲ್ಲ. ಮಕ್ಕಳ ತಾಯಂದಿರಿಗೆ ಹೆದರುತ್ತಿದ್ದರು. ಅವರು ಹೇಳಿದಂತೆಯೇ ಹೇಳುತ್ತೇನೆ.

ಒಂದು ಮಠಕ್ಕೆ ಸೋಮವಾರ ಶಿವಲೀಲೆ ಎಂಬ ಶಿಷ್ಯೆ ಬಂದಳು. ಗುರುಗಳಿಗೆ ನಮಸ್ಕರಿಸಿ ಕೇಳಿದಳು: "ಗುರುಗಳೇ, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂದು ನಮ್ಮೂರಿನಲ್ಲಿ ಹೊಸದಾಗಿ ಗೆರೆ ಎಳೆದಿದ್ದಾರೆ. ನನ್ನ ಮಗಳಿಗೆ ಹಳೆಯ ಶಾಲೆ ತಪ್ಪಿತು. ಎದುರು ಮನೆಯವಳ ಮಗಳಿಗೆ ತಪ್ಪಲಿಲ್ಲ. ಇವೆರಡರಲ್ಲಿ ಯಾವುದು ದೊಡ್ಡ ಅನ್ಯಾಯ?"

"ನಿನ್ನ ಹೊಟ್ಟೆ ಉರಿಸಿದ್ದು ಯಾವುದು?" ಎಂದರು ಗುರುಗಳು.

ಶಿವಲೀಲೆ "ಎರಡನೆಯದು" ಎಂದಳು.

"ನಿಜ ಹೇಳಿದೆ. ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಎರಡು ಶಾಲೆಗಳಿದ್ದವು. ಒಂದು ಪೇಟೆಯ ಶಾಲೆ, ಇನ್ನೊಂದು ಕೆರೆಯ ಶಾಲೆ. ಕೆರೆಯ ಶಾಲೆ ಕೆಟ್ಟದ್ದೇನೂ ಅಲ್ಲ. ಆದರೆ ಪೇಟೆಯ ಶಾಲೆ ಒಳ್ಳೆಯದೆಂದು ಯಾರೋ ಹೇಳಿದರು, ಉಳಿದವರು ನಂಬಿದರು. ಎಲ್ಲರೂ ಮಕ್ಕಳನ್ನು ಅಲ್ಲಿಗೇ ಕಳಿಸಿದರು. ನಾಲ್ವರು ಕೂರುವ ಮಣೆಯ ಮೇಲೆ ಏಳು ಮಕ್ಕಳು ಕೂತರು, ಎಂಟನೆಯದು ನಿಂತಿತು. ಆಗ ಅಮಲ್ದಾರ ಡಂಗುರ ಹೊಡೆಸಿದ. ಇನ್ನು ಮುಂದೆ ಪೇಟೆ ಬೀದಿಯ ಮಕ್ಕಳು ಪೇಟೆಯ ಶಾಲೆಗೆ, ಕೆರೆ ಬೀದಿಯ ಮಕ್ಕಳು ಕೆರೆಯ ಶಾಲೆಗೆ.

ಎರಡು ಬೀದಿಗಳ ನಡುವೆ ಇಪ್ಪತ್ತು ಮನೆಗಳ ಒಂದು ಸಾಲಿತ್ತು. ಮುಂಬಾಗಿಲು ಕೆರೆ ಬೀದಿಗೆ ತೆರೆಯುತ್ತಿತ್ತು, ಹಿತ್ತಲ ಬಾಗಿಲು ಪೇಟೆ ಬೀದಿಗೆ. ಆ ಮನೆಗಳ ಮಕ್ಕಳೆಲ್ಲ ಅದುವರೆಗೆ ಪೇಟೆಯ ಶಾಲೆಯಲ್ಲಿಯೇ ಓದುತ್ತಿದ್ದರು. ಅವರಿಗೆ ಯಾವ ಶಾಲೆ? ಅಮಲ್ದಾರ ಯೋಚಿಸಿ ಹೇಳಿದ: "ಶುಕ್ರವಾರ ಬೆಳಿಗ್ಗೆ ನಾನೇ ಬರುತ್ತೇನೆ. ಮನೆಯ ಹೆಂಗಸು ಯಾವ ಬಾಗಿಲ ಮುಂದೆ ರಂಗೋಲಿ ಇಡುತ್ತಾಳೋ ಮನೆ ಆ ಬೀದಿಗೆ ಸೇರಿದ್ದು. ಪೇಟೆ ಕಡೆಗೆ ರಂಗೋಲಿ ಇಟ್ಟ ಮನೆಯವರು ತಮ್ಮ ಮಗುವಿನ ಬಗ್ಗೆ ಒಂದು ಮಾತು ಹೇಳಬಹುದು. ಒಂದು ಮನೆಗೆ ಒಂದೇ ಮಾತು. ನಿಜವಾದ ಕಾರಣವಿರುವ ಆರು ಮಕ್ಕಳಿಗೆ ಜಾಗವಿದೆ."

ಅಮಲ್ದಾರ ಬುದ್ಧಿವಂತ. ಆದರೆ ಅವನ ಮನೆಯ ಮುಂದೆ ರಂಗೋಲಿ ಇಡುತ್ತಿದ್ದುದು ಆಳಿನ ಹೆಂಡತಿ. ಒಂದು ರಂಗೋಲಿಯನ್ನು ಮುಂಬಾಗಿಲಿನಿಂದ ಹಿತ್ತಲಿಗೆ ಸಾಗಿಸಲು ಎಷ್ಟು ಹೊತ್ತು ಬೇಕೆಂಬುದು ಅವನಿಗೆ ತಿಳಿದಿರಲಿಲ್ಲ.

ಆ ಸಾಲಿನಲ್ಲಿ ಒಬ್ಬ ಹೂವಾಡಗಿತ್ತಿ ಇದ್ದಳು. ಗಂಡ ಇಲ್ಲ, ಒಬ್ಬಳೇ ಮಗಳು. ಆ ಹುಡುಗಿಗೆ ಕಿವಿ ಮಂದ. ಪೇಟೆಯ ಶಾಲೆಯ ಮೇಷ್ಟರು ಅದನ್ನು ಮೊದಲ ವಾರದಲ್ಲೇ ಕಂಡುಕೊಂಡು, ಹುಡುಗಿಯನ್ನು ಎದುರಿಗೇ ಕೂರಿಸಿಕೊಂಡು, ತಮ್ಮ ತುಟಿ ಅವಳಿಗೆ ಕಾಣುವಂತೆ ಪಾಠ ಹೇಳುತ್ತಿದ್ದರು. ಹುಡುಗಿ ಮಗ್ಗಿ ಕಲಿತಿದ್ದಳು, ಪದ್ಯ ಕಲಿತಿದ್ದಳು. ಆರು ಜಾಗಗಳಲ್ಲಿ ಒಂದು ಜಾಗ ಯಾರಿಗಾದರೂ ಸಲ್ಲಬೇಕಾದರೆ ಅದು ಈ ಮಗುವಿಗೆ ಸಲ್ಲಬೇಕು. ಹೂವಾಡಗಿತ್ತಿಗೂ ಅದು ಗೊತ್ತಿತ್ತು. "ಸ್ವಾಮಿ, ನನ್ನ ಮಗಳಿಗೆ ಕಿವಿ ಮಂದ, ಅವಳಿಗೆ ಕೇಳಿಸುವಂತೆ ಹೇಳಬಲ್ಲವರು ಈ ಮೇಷ್ಟರು ಒಬ್ಬರೇ." ಹೂ ಕಟ್ಟುವಾಗ, ನೀರು ಸೇದುವಾಗ, ಈ ಮಾತನ್ನು ನಾಲ್ಕು ದಿನ ಬಾಯಿಪಾಠ ಮಾಡಿದಳು.

ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆ ದರ್ಜಿಯದು. ದರ್ಜಿಗೂ ಒಬ್ಬ ಮಗಳು, ಅದೇ ತರಗತಿ. ಆ ಹುಡುಗಿಗೆ ಎರಡು ಕಿವಿಯೂ ಚುರುಕು. ಉಳಿದ ಚೂರುಬಟ್ಟೆಯಲ್ಲೇ ದರ್ಜಿ ಅವಳಿಗೆ ತಿಂಗಳಿಗೊಂದು ಲಂಗ ಹೊಲಿಯುತ್ತಿದ್ದ. ಅವಳು ಎಲ್ಲದರಲ್ಲೂ ಮೊದಲು. ಹೂವಾಡಗಿತ್ತಿ ತನ್ನ ಮಗಳ ಅಂಕ ಕೇಳುವ ಮೊದಲು ಅವಳ ಅಂಕ ಕೇಳುತ್ತಿದ್ದಳು. ಕೇಳಿದ ಮೇಲೆ ತನ್ನ ಮಗಳ ಅಂಕ ಎಷ್ಟಿದ್ದರೂ ಅವಳಿಗೆ ಒಂದೇ ಆಗುತ್ತಿತ್ತು.

ಗುರುವಾರ ಸಂಜೆ ದರ್ಜಿಯ ಹೆಂಡತಿ ಗೋಡೆಯಾಚೆಯಿಂದ ಕೂಗಿದಳು. "ಅಕ್ಕಾ, ನಾಳೆ ನೀವೂ ಪೇಟೆ ಕಡೆಗೇ ರಂಗೋಲಿ ತಾನೆ?"

"ಇನ್ನೇನು, ಕೆರೆಯೊಳಗೆ ಇಡಲೇ?"

"ಅದಕ್ಕಲ್ಲಕ್ಕಾ. ಬೇಕಾದರೆ ಚುಕ್ಕಿ ನಾನೇ ಇಟ್ಟುಕೊಡುತ್ತೇನೆ. ನಿಮ್ಮದು ಯಾವಾಗಲೂ ಒಂದು ಕಡೆಗೆ ವಾಲುತ್ತದೆ ನೋಡಿ."

"ವಾಲಲಿ ಬಿಡೇ. ಬಿದ್ದರೆ ನಿನ್ನ ಮನೆ ಮೇಲೇನೂ ಬೀಳುವುದಿಲ್ಲ."

ದರ್ಜಿಯ ಹೆಂಡತಿ ಸಹಾಯಕ್ಕೆ ಹೇಳಿದಳೋ, ಚುಚ್ಚಲು ಹೇಳಿದಳೋ, ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲವೇನೋ. ಹೂವಾಡಗಿತ್ತಿಗೆ ಮಾತ್ರ ಚುಚ್ಚಿತು.

ಶುಕ್ರವಾರ ಬೆಳಗಾಯಿತು. ಇಪ್ಪತ್ತು ಮನೆಗಳ ಹಿತ್ತಲು ಒಂದೇ ದಿನ ಮುಂಬಾಗಿಲಾದವು. ಹೂವಾಡಗಿತ್ತಿಯೂ ಸಾರಿಸಿ ರಂಗೋಲಿ ಇಟ್ಟು, ಎದ್ದು ನಿಂತು, ಪಕ್ಕಕ್ಕೆ ನೋಡಿದಳು. ದರ್ಜಿಯ ಹೆಂಡತಿ ಆಗಲೇ ಇಟ್ಟು ಒಳಗೆ ಹೋಗಿದ್ದಳು. ಇಪ್ಪತ್ತೊಂದು ಚುಕ್ಕಿಯ ರಂಗೋಲಿ. ಗೆರೆ ಎಲ್ಲಿ ಹೊರಟಿತು, ಎಲ್ಲಿ ಸೇರಿತು, ತಿಳಿಯುವಂತಿರಲಿಲ್ಲ. ನಡುವೆ ಒಂದು ಜೋಡಿ ಹಂಸ ಬೇರೆ.

ಇದನ್ನು ನೋಡಿದರೆ ಅಮಲ್ದಾರ ನಿಂತೇ ನಿಲ್ಲುತ್ತಾನೆ ಎನಿಸಿತು ಹೂವಾಡಗಿತ್ತಿಗೆ. ನಿಂತರೆ ಅವಳನ್ನು ಮಾತಾಡಿಸುತ್ತಾನೆ. ಮಾತಾಡಿಸಿದರೆ ಅವಳು ಗೆಲ್ಲುತ್ತಾಳೆ. ಆ ನಾಲಗೆಗೆ ಸೋತು ಅಭ್ಯಾಸವಿಲ್ಲ. ನನ್ನ ಮಗಳಿಗೆ ಸಿಕ್ಕಿ ಅವಳ ಮಗಳಿಗೂ ಸಿಕ್ಕಿದರೆ, ನನ್ನ ಮಗಳಿಗೆ ಸಿಕ್ಕಿದ್ದೇನು?

ಸಾರಿಸಲು ತಂದ ಕೊಡದಲ್ಲಿ ಇನ್ನೂ ಅರ್ಧ ನೀರಿತ್ತು. ಬೀದಿಯ ಎರಡೂ ಕಡೆ ನೋಡಿದಳು. ಹಂಸಗಳ ಮೇಲೆ ಸುರಿದಳು. ಉಳಿದದ್ದನ್ನು ಪೊರಕೆಯಿಂದ ಗುಡಿಸಿದಳು.

ಅಮಲ್ದಾರ ಗುಮಾಸ್ತನೊಂದಿಗೆ ಬಂದ. ಸಾಲನ್ನು ಉದ್ದಕ್ಕೂ ನೋಡಿ ನಕ್ಕ. "ಎಂಥ ಊರಯ್ಯ! ಒಂದು ಮನೆಗೂ ಹಿತ್ತಲಿಲ್ಲ" ಎಂದ. ನಗುತ್ತಲೇ ಒಂದೊಂದು ಮನೆಯ ಮುಂದೆ ನಿಂತು ಕೇಳಿದ. ಒಬ್ಬಳು ಮಗನಿಗೆ ಮೂರ್ಛೆ ಬರುತ್ತದೆ, ಶಾಲೆಯ ಪಕ್ಕದಲ್ಲೇ ವೈದ್ಯರ ಮನೆ ಎಂದಳು. ಅಮಲ್ದಾರ ಬರೆಸಿಕೊಂಡ. ಇನ್ನೊಬ್ಬಳು, ನಮ್ಮ ಹುಡುಗನಿಗೆ ಕೆರೆಯ ಗಾಳಿ ಒಗ್ಗುವುದಿಲ್ಲ ಎಂದಳು. "ಕೆರೆಯ ಮೀನು ಒಗ್ಗುತ್ತದೆಯೇ?" ಎಂದು ಕೇಳಿ ಮುಂದಕ್ಕೆ ಹೋದ. ನ್ಯಾಯವಾಗಿಯೇ ಕೇಳುತ್ತಿದ್ದ.

ಹೂವಾಡಗಿತ್ತಿಯ ಮನೆ ಬಂತು. "ನಿನ್ನ ಮಾತೇನಮ್ಮ?" ಎಂದ ಅಮಲ್ದಾರ.

ನಾಲ್ಕು ದಿನದ ಮಾತು ನಾಲಗೆಯ ತುದಿಯಲ್ಲಿತ್ತು. ಆಗಲೇ ಪಕ್ಕದ ಮನೆಯ ಅಗುಳಿ ಸರಿದ ಸದ್ದಾಯಿತು. ಇನ್ನೇನು ಅವಳು ಹೊರಗೆ ಬರುತ್ತಾಳೆ. ರಂಗೋಲಿ ಇಲ್ಲದ್ದನ್ನು ನೋಡುತ್ತಾಳೆ. ಗಲಾಟೆ ಮಾಡುತ್ತಾಳೆ. ಅಮಲ್ದಾರ ತಿರುಗಿ ಅವಳನ್ನು ಕೇಳುತ್ತಾನೆ.

"ಸ್ವಾಮಿ," ಎಂದಳು ಹೂವಾಡಗಿತ್ತಿ, "ಪಕ್ಕದ ಮನೆಯವರನ್ನು ಮಾತಾಡಿಸಬೇಡಿ. ಅಲ್ಲಿ ಸೂತಕ."

ಅಮಲ್ದಾರ ಪಕ್ಕಕ್ಕೆ ನೋಡಿದ. ಇಡೀ ಸಾಲಿನಲ್ಲಿ ರಂಗೋಲಿ ಇಲ್ಲದ ಮನೆ ಅದೊಂದೇ. ಬಾಗಿಲ ಮುಂದೆ ನೀರು ಸುರಿದು ತೊಳೆದಿದ್ದರು. ಹೆಣ ಎತ್ತಿದ ಮೇಲೆ ತೊಳೆಯುವುದೂ ಹಾಗೆಯೇ. ಅವನು ಚಪ್ಪಲಿ ಬಿಟ್ಟ. ಗುಮಾಸ್ತನಿಗೆ ಮೆಲ್ಲನೆ ಹೇಳಿದ: "ಬರೆದುಕೋ. ಸೂತಕದ ಮನೆಯವರನ್ನು ವಿಚಾರಿಸಬಾರದು, ಕದಲಿಸಲೂ ಬಾರದು. ಈ ಮನೆಯ ಮಗು ಇದ್ದಲ್ಲೇ ಓದಲಿ. ಆರು ಜಾಗದಲ್ಲಿ ಒಂದು ಇದಕ್ಕೆ."

ದರ್ಜಿಯ ಹೆಂಡತಿ ಬಾಗಿಲು ತೆಗೆದಳು. ಬರಿಗಾಲಿನಲ್ಲಿ ನಿಂತ ಅಮಲ್ದಾರ ತಲೆ ತಗ್ಗಿಸಿ ಅವಳಿಗೆ ಕೈ ಮುಗಿದ. ಏನೂ ತಿಳಿಯದೆ ಅವಳೂ ಕೈ ಮುಗಿದಳು. ಅವನು ಮುಂದಿನ ಮನೆಗೆ ನಡೆದ.

ಹೂವಾಡಗಿತ್ತಿ ಹಿಂದೆಯೇ ಓಡಿದಳು. "ಸ್ವಾಮಿ, ಸ್ವಾಮಿ, ನನ್ನ ಮಗಳು..."

"ನಿನ್ನ ಮಾತು ಆಯಿತಮ್ಮ" ಎಂದ ಗುಮಾಸ್ತ.

"ಅದು ನನ್ನ ಮಾತಲ್ಲ ಸ್ವಾಮಿ, ಅವರ ಮಾತು."

"ಆಡಿದವಳು ನೀನೇ ಅಲ್ಲವೇ? ಇನ್ನೂ ಏಳು ಮನೆ ಇವೆ. ದಾರಿ ಬಿಡು."

ಸುದ್ದಿ ಅಮಲ್ದಾರನಿಗಿಂತ ಬೇಗ ಸಾಲಿನ ಕೊನೆ ಮುಟ್ಟಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ದರ್ಜಿಯ ಮನೆಗೆ ಬಂದರು. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡು ದರ್ಜಿಯೇ ಹೊರಗೆ ಬಂದ. "ಏನು, ಎಲ್ಲರೂ ಒಟ್ಟಿಗೆ ಬಂದಿದ್ದೀರಿ? ಹಬ್ಬ ಯಾವುದು?" ಎಂದ. "ಅಯ್ಯೋ, ನೀವು ಇದ್ದೀರಾ!" ಎಂದಳು ಒಬ್ಬ ಮುದುಕಿ, ಸ್ವಲ್ಪ ನಿರಾಸೆಯಿಂದ. ಅಷ್ಟರಲ್ಲಿ ಅಮಲ್ದಾರ ಪಟ್ಟಿಗೆ ಮೊಹರು ಒತ್ತಿ ಕುದುರೆ ಹತ್ತಿದ್ದ. ಮೊಹರು ಬಿದ್ದ ಪಟ್ಟಿ ಒಂದು ವರ್ಷ ಬದಲಾಗುವುದಿಲ್ಲ.

ಹೂವಾಡಗಿತ್ತಿಯ ಮಗಳು ಕೆರೆಯ ಶಾಲೆಗೆ ಹೋದಳು. ಅಲ್ಲಿ ಎತ್ತರದ ಮಕ್ಕಳಿಗೆ ಹಿಂದಿನ ಸಾಲು, ಇವಳು ಎತ್ತರದ ಹುಡುಗಿ. ಏನು ಪಾಠವಾಯಿತೆಂದು ಸಂಜೆ ತಾಯಿ ಕೇಳಿದರೆ, "ಮೇಷ್ಟರು ಹಲಗೆಯ ಕಡೆ ತಿರುಗಿ ಹೇಳಿದರು" ಎನ್ನುತ್ತಿದ್ದಳು. ದರ್ಜಿಯ ಮಗಳು ಹೊಸ ಲಂಗ ಉಟ್ಟು ಪೇಟೆಯ ಶಾಲೆಗೆ ಹೋಗುತ್ತಿದ್ದಳು. ಹೂವಾಡಗಿತ್ತಿ ಬುಟ್ಟಿ ಹಿಡಿದು ಮನೆಯಿಂದ ಮನೆಗೆ ಹೇಳಿಕೊಂಡು ಬಂದಳು: "ನೋಡಿದಿರಾ, ಬದುಕಿದ್ದವರನ್ನು ಸತ್ತರೆಂದು ಹೇಳಿಸಿ ಜಾಗ ಹೊಡೆದರು." ವರ್ಷ ಮುಗಿಯುವ ಹೊತ್ತಿಗೆ ಆ ಮಾತನ್ನು ಅವಳೇ ನಂಬಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಿವಲೀಲೆಗೆ ತೃಪ್ತಿಯಾಗಲಿಲ್ಲ. "ಅಲ್ಲ ಗುರುಗಳೇ, ತಪ್ಪು ಅಮಲ್ದಾರನದಲ್ಲವೇ? ಇಪ್ಪತ್ತು ಮನೆಗೆ ಆರು ಜಾಗ ಇಟ್ಟವನು ಅವನು. ಆ ಕೆರೆಯ ಶಾಲೆಯಲ್ಲಿ ಮಗುವಿನ ಕಡೆ ತಿರುಗಿ ಪಾಠ ಹೇಳದವರನ್ನು ಇಟ್ಟವನೂ ಅವನೇ."

"ಹೌದು, ತಪ್ಪು ಅವನದೇ" ಎಂದರು ಗುರುಗಳು. "ಅದನ್ನು ಅವನ ಮುಖಕ್ಕೇ ಹೇಳಬಹುದಾದ ಒಂದು ಗಳಿಗೆ ಅವಳಿಗೆ ಸಿಕ್ಕಿತ್ತು."

"ಅವಳು ಬಾಯಿ ತೆರೆದಳಲ್ಲ! ಮಗಳಿಗಾಗಿ ತಾನೆ ಅವಳು ಅಷ್ಟೆಲ್ಲ ಮಾಡಿದ್ದು?"

ಗುರುಗಳು ಕೇಳಿದರು: "ಅವಳು ಆಡಿದ ಆ ಒಂದು ಮಾತಿನಲ್ಲಿ ಮಗಳು ಎಲ್ಲಿದ್ದಳು?"



ಚಿಕ್ಕಮ್ಮ ಇದನ್ನು ನನಗೆ ಹೇಳಿ, ನಿನ್ನಲ್ಲೇ ಇಟ್ಟುಕೊಳ್ಳಬೇಡ ಎಂದಿದ್ದರು. ನೀವೂ ಇಟ್ಟುಕೊಳ್ಳಬೇಡಿ. ಮಕ್ಕಳನ್ನು ಕರೆದೊಯ್ಯಲು ಶಾಲೆಯ ಗೇಟಿನಲ್ಲಿ ಕಾದು ನಿಂತಾಗ, ಪಕ್ಕದಲ್ಲಿ ನಿಂತ ತಾಯಿಗೆ ಹೇಳಿ.