ಭಟ್ಟಿಗೆ ಹಾಕದ ಕಲ್ಲುಗಳು

ಹಿಮಾಲಯದ ಒಂದು ನದಿಯ ದಡದಲ್ಲಿ, ಸುಣ್ಣಕಲ್ಲಿನ ಬೆಟ್ಟದ ಕೆಳಗೆ, ಕನ್ನಡ ಸೀಮೆಯಿಂದ ಹೋದ ಮುದಿ ಗುರುಗಳೊಬ್ಬರ ಆಶ್ರಮವಿತ್ತು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಯಾತ್ರೆಗೆ ಬಂದ ಕಾಶವ್ವ ಅಲ್ಲೇ ಉಳಿದುಬಿಟ್ಟಿದ್ದಳು. ನೀರು ತುಂಬಿಕೊಳ್ಳಲು ನದಿಗೆ ಇಳಿದ ಮಗ ಪರಪ್ಪ ಅವಳ ಕಣ್ಣೆದುರೇ ಕೊಚ್ಚಿಕೊಂಡು ಹೋಗಿದ್ದ. ಹೆಣ ಸಿಗಲಿಲ್ಲ. ಜೊತೆಗೆ ಬಂದವರು ಕಾದು ಕಾದು ಊರಿಗೆ ಮರಳಿದರು.

ಮೊದಲ ದಿನವೇ ಅವಳು ಹೇಳಿದಳು: "ಅವನದೊಂದು ಎಲುಬಾದ್ರೂ ಸಿಗಬೇಕ್ರಿ ಅಜ್ಜಾರ. ಮಣ್ಣು ಮಾಡಿ ಊರಿಗೆ ಹೋಗ್ತೀನಿ. ಹಿಮ ಬೀಳೂದರೊಳಗ ಸಿಗಲಿಲ್ಲಂದ್ರ ನಾನೂ ಅದ ನೀರಿಗೆ ಇಳೀತೀನಿ."

ಅಜ್ಜಾರಿಗೆ ಸಮಾಧಾನ ಹೇಳುವುದು ಬರುತ್ತಿರಲಿಲ್ಲ. ಕೆಲಸ ಹೇಳುವುದು ಬರುತ್ತಿತ್ತು.

"ಹಿಮಕ್ಕಿಂತ ಮೊದಲ ಗ್ವಾಡಿಗೆ ಸುಣ್ಣ ಬಳೀಬೇಕು. ಬೆಟ್ಟದ ಬುಡದಾಗಿನ ಕಲ್ಲು ಒಡದು ಭಟ್ಟಿಗೆ ಹಾಕು," ಎಂದರು.

ಬೆಳಿಗ್ಗೆ ಅವಳು ದಡದ ಮರಳು ಕೆದಕುತ್ತಿದ್ದಳು. ಮಧ್ಯಾಹ್ನ ಕಲ್ಲು ಒಡೆದು ಸುಡುತ್ತಿದ್ದಳು.

ಒಂದು ದಿನ ಒಡೆದ ಕಲ್ಲಿನಲ್ಲಿ ಒಂದು ಚಿಪ್ಪು ಕಂಡಿತು. ಮತ್ತೊಂದರಲ್ಲಿ, ಬೆನ್ನ ತುಂಬ ಗೆರೆಗಳಿದ್ದ, ಕಲ್ಲೇ ಆಗಿಹೋದ ಒಂದು ಹುಳ. ಕಾಲು ಮಡಚಿ ಮಲಗಿದ ಹಾಗೆ ಇತ್ತು.

ಅಂಥ ಕಲ್ಲುಗಳನ್ನು ಕಾಶವ್ವ ಭಟ್ಟಿಗೆ ಹಾಕಲಿಲ್ಲ. ತೊಳೆದು, ವಿಭೂತಿ ಹಚ್ಚಿ, ತನ್ನ ಕೋಣೆಯಲ್ಲಿ ಸಾಲಾಗಿ ಇಟ್ಟಳು. ದಿನವಿಡೀ ಅವನ್ನೇ ಹುಡುಕತೊಡಗಿದಳು. ಭಟ್ಟಿ ಆರಿಹೋಯಿತು. ಗೋಡೆ ಅರ್ಧಕ್ಕೇ ನಿಂತಿತು.

ಅಜ್ಜಾರು ಕೋಣೆಗೆ ಬಂದು ನೋಡಿದರು.

"ಇವನ್ನ ಯಾಕ ಸುಡಲಿಲ್ಲ?"

"ಸತ್ತು ಮಲಗ್ಯಾವ್ರಿ. ಹ್ಯಾಂಗ ಸುಡ್ಲಿ?"

"ಎಂದು ಸತ್ತಾವು, ಗೊತ್ತೈತೇನು?"

"ಇಲ್ರಿ."

"ಬ್ಯಾಸಗ್ಯಾಗ ಕಲ್ಲು ನೋಡಾಕ ಸುತ್ತಗಿ ಹಿಡಕೊಂಡು ಬಂದ ಪಂಡಿತರು ಹೇಳ್ಯಾರ. ಇವು ಸತ್ತಾಗ ಈ ಬೆಟ್ಟ ಸಮುದ್ರದ ತಳದ ಕೆಸರು. ಭೂಮಿ ಮ್ಯಾಲ ಹುಲ್ಲು ಸುದ್ದಾ ಹುಟ್ಟಿರ್ಲಿಲ್ಲ."

ಕಾಶವ್ವನಿಗೆ ಸಿಟ್ಟು ಉಕ್ಕಿ ಬಂತು.

"ಇದೆಂಥಾ ನ್ಯಾಯರೀ ಅಜ್ಜಾರ! ಯಾವುದೋ ಹುಳದ ಬೆನ್ನಿನ ಗೆರಿ ಸುದ್ದಾ ಕಾಯ್ದು ಇಟ್ಟೈತಿ ಆ ಕೆಸರು. ನನ್ನ ಮಗನ ಒಂದು ಉಗುರು ಉಳಸಲಿಲ್ಲ ಈ ಹೊಳಿ."

ಅಜ್ಜಾರು ಹೊರಗೆ ಹೋಗಿ, ಸುಡಲೆಂದು ಗುಡ್ಡೆ ಹಾಕಿದ್ದ ಕಲ್ಲುಗಳಲ್ಲಿ ಒಂದನ್ನು ತಂದರು.

"ಇದರಾಗ ಏನೈತಿ?"

"ಏನಿಲ್ರಿ. ಬರೇ ಕಲ್ಲು."

ಅಜ್ಜಾರು ತಂಬಿಗೆಯ ನೀರನ್ನು ಅದರ ಮೇಲೆ ಸುರಿದರು. ಒದ್ದೆಯಾದ ಕಲ್ಲಿನಲ್ಲಿ ಬಿಳಿಯ ಚೂರುಗಳು ಎದ್ದು ಕಂಡವು. ಕಾಶವ್ವ ಕಣ್ಣ ಹತ್ತಿರ ಹಿಡಿದಳು. ಎಲ್ಲ ಚಿಪ್ಪಿನ ಪುಡಿ. ಪುಡಿಯ ಮೇಲೆ ಪುಡಿ.

"ಹಂಗಾರ ನಾ ಇಷ್ಟು ದಿನ ಸುಟ್ಟಿದ್ದು?"

"ಇವನ್ನ."

"ಆ ಗ್ವಾಡಿ ಮ್ಯಾಲಿನ ಸುಣ್ಣ?"

"ಅದೂ ಇವ."

ಕಾಶವ್ವ ಕಲ್ಲನ್ನು ನೆಲಕ್ಕಿಟ್ಟು ಅದರ ಮುಂದೆ ಕೂತಳು.

"ಗುರುತು ಉಳಿಯೂದು ಎಲ್ಲೋ ಒಂದಕ್ಕ. ಬಾಕಿ ಎಲ್ಲಾ ಪುಡಿ ಅನ್ರಿ."

"ಪುಡಿ."

"ನನ್ನ ಪರಪ್ಪನೂ?"

ಈ ಒಂದು ಮಾತಿಗಾದರೂ ಅವರು ಇಲ್ಲ ಎನ್ನಬಹುದೆಂದು ಅವಳು ಕಾದಳು.

"ಅವನೂ," ಎಂದರು ಅಜ್ಜಾರು.

ಹೊರಗೆ ಹಿಮ ಉದುರತೊಡಗಿತ್ತು. ಕಾಶವ್ವ ಎದ್ದು, ಸೆರಗು ಬಿಗಿದು, ನದಿಯ ಕಡೆ ನಡೆದಳು. ಅವಳಿಗೆ ಅಳು ಕೂಡ ಬರಲಿಲ್ಲ.

ಅಜ್ಜಾರು ಸಾಲಿನಿಂದ ಗೆರೆಬೆನ್ನಿನ ಹುಳದ ಕಲ್ಲನ್ನು ಎತ್ತಿಕೊಂಡು, ಕೋಲೂರಿ ಹಿಂದೆಯೇ ಹೋದರು. ದಡದಲ್ಲಿ ಅವಳ ಪಕ್ಕ ನಿಂತು, ಅದನ್ನು ಮುಂದೆ ಹಿಡಿದರು.

"ಇದು ಸತ್ತಾಗ ಯಾರು ಅತ್ತಿರಬೇಕು?"

"ಹುಳಕ್ಕ ಯಾರು ಅಳ್ತಾರ್ರಿ?"

ಅಜ್ಜಾರು ಕಲ್ಲನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಆವಾಗ ಅಳೂ ಕಣ್ಣು ಭೂಮಿ ಮ್ಯಾಲ ಇನ್ನೂ ಹುಟ್ಟಿರ್ಲಿಲ್ಲ, ಯವ್ವಾ. ಅದಕ್ಕ ಇದರ ಗುರುತು ಕಲ್ಲೇ ಇಟಗೋಬೇಕಾತು."